ಎಡಕ್ಕೆ ಹೊರಟ ಚೆಂಡು ಬಲಕ್ಕೇಕೆ ಬಾಗುತ್ತದೆ?

ಪ್ರಶ್ನೆ: ಬಲಗೈ ಗಾಲ್ಫ್ ಆಟಗಾರ ನಾನು. ಡ್ರೈವರ್‌ನಿಂದ (ಅತಿ ದೂರ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು) ಹೊಡೆದ ಚೆಂಡು ಎಡಕ್ಕೆ ಹೊರಟು ಬಲಕ್ಕೆ ಬಾಗುತ್ತದೆ. ಇನ್ನೂ ಎಡಕ್ಕೆ ತಿರುಗಿ ನಿಂತರೆ ಬಾಗು ಹೆಚ್ಚುತ್ತದೆ. ಏಕೆ?

ಉತ್ತರ: ಕ್ಲಬ್ ಬೀಸಿದ ದಾರಿಯಲ್ಲೇ ಚೆಂಡು ಹೊರಡುತ್ತದೆ ಎಂದು ಹಿಂದೆ ಕಲಿಸುತ್ತಿದ್ದರು. ರಾಡಾರ್ ಅಳತೆ ಬಂದ ಮೇಲೆ ಅದು ತಪ್ಪೆಂದು ತಿಳಿಯಿತು. ಹೊರಡುವ ದಿಕ್ಕನ್ನು ಡ್ರೈವರ್‌ನಲ್ಲಿ ಸುಮಾರು 85%, ಐರನ್‌ನಲ್ಲಿ (ಚಪ್ಪಟೆ ಲೋಹದ ತಲೆಯ ಕ್ಲಬ್) 75% ನಿರ್ಧರಿಸುವುದು ಚೆಂಡಿಗೆ ತಾಗುವಾಗ ಕ್ಲಬ್ ಮುಖ, ಅಂದರೆ ಹೊಡೆಯುವ ಮೇಲ್ಮೈ, ನೋಡುವ ದಿಕ್ಕು. ಬಾಗು ಬರುವುದು ಮುಖಕ್ಕೂ ಬೀಸಿನ ದಾರಿಗೂ ಇರುವ ಅಂತರದಿಂದ. ಮುಖ ಗುರಿಗಿಂತ 2 ಡಿಗ್ರಿ ಎಡಕ್ಕೆ, ದಾರಿ 6 ಡಿಗ್ರಿ ಎಡಕ್ಕೆ ಇದೆಯೆನ್ನಿ. ದಾರಿಗೆ ಹೋಲಿಸಿದರೆ ಮುಖ 4 ಡಿಗ್ರಿ ತೆರೆದೇ ಇದೆ, ಅಂದರೆ ಬಲಕ್ಕೆ ತಿರುಗಿದೆ! ಎಡಕ್ಕೆ ತಿರುಗಿದಷ್ಟೂ ದಾರಿ ಸರಿದು ಈ ಅಂತರ ಹಿಗ್ಗುತ್ತದೆ. ಪಾದ, ಭುಜ ಎರಡನ್ನೂ ಗುರಿಯ ಗೆರೆಗೆ ಸಮಾನಾಂತರ ಇಡಿ. ಅದಕ್ಕೂ ಮೊದಲು ಕ್ಲಬ್ ಮುಖಕ್ಕೆ ಪೌಡರ್ ಹಚ್ಚಿ ಹೊಡೆದು ನೋಡಿ. ಚೆಂಡಿನ ಗುರುತು ಶಾಫ್ಟ್ (ಕ್ಲಬ್‌ನ ಉದ್ದ ಹಿಡಿಕೋಲು) ಕಡೆಗೆ ಬಿದ್ದಿದ್ದರೆ, ಅದೊಂದೇ ಚೆಂಡನ್ನು ಬಲಕ್ಕೆ ಬಾಗಿಸಬಲ್ಲದು.