ಅಮ್ಮನಿಗೆ ಸೊಂಟದ ಆಪರೇಷನ್ ಇದೆ. ಆಸ್ಪತ್ರೆಯಲ್ಲಿ ಇನ್ಫೆಕ್ಷನ್ ಆಗದಂತೆ ಮೊದಲೇ ಸ್ಟ್ರಾಂಗ್ ಆಂಟಿಬಯೋಟಿಕ್ ಕೊಡಿಸಬಹುದಾ? ಸ್ಪೆಷಲ್ ರೂಮ್ ತಗೊಂಡ್ರೆ ಸಾಕಾ?

ನಮ್ಮಪ್ಪನಿಗೂ ಇದೇ ಆಪರೇಷನ್. ಮೂಳೆ ಚೆನ್ನಾಗೇ ಕೂಡಿತು. ಕೆಡಿಸಿದ್ದು ಮೂತ್ರದ ಪೈಪು.

ಕ್ಯಾಥೆಟರ್ ತೆಗೆಯೋಕೆ ಸಿಸ್ಟರ್ ಬಂದಾಗ, "ಇನ್ನೆರಡು ದಿನ ಇರಲಿ ಸಿಸ್ಟರ್, ರಾತ್ರಿ ಬೆಡ್‌ಪ್ಯಾನ್ ಇಡೋದು ಕಷ್ಟ" ಅಂದವನು ನಾನೇ. ಅವರೂ ಸರಿ ಅಂದರು. ಪೈಪು ಒಳಗಿದ್ದಷ್ಟು ದಿನ ಬ್ಯಾಕ್ಟೀರಿಯಾ ಅದರ ಗೋಡೆಗೆ ಲೋಳೆಯಂತೆ ಅಂಟಿಕೊಂಡು ಮೇಲೆ ಹತ್ತುತ್ತದೆ. ಆ ಲೋಳೆಯೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಒಂದೊಂದು ದಿನ ಹೆಚ್ಚಾದ ಹಾಗೂ ಅಪಾಯ ಜಾಸ್ತಿ. ಇದು ಸಾಲದು ಅಂತ, ಎಕ್ಸ್‌ರೇಗೆ ಕರೆದೊಯ್ಯುವಾಗ ವಾರ್ಡ್ ಬಾಯ್ ಮೂತ್ರದ ಚೀಲವನ್ನು ಅಪ್ಪನ ಹೊಟ್ಟೆ ಮೇಲಿಟ್ಟ. ಕೊಳವೆಯಲ್ಲಿದ್ದ ಮೂತ್ರ ಸರ್ರನೆ ಹಿಂದಕ್ಕೆ ಹರಿಯಿತು. ನೋಡಿಯೂ ಸುಮ್ನಿದ್ದೆ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು.

ಆಮೇಲೆ ಗಡಗಡ ನಡುಕ, ಜ್ವರ, ಅಸಂಬದ್ಧ ಮಾತು. ಯಾವ ರೋಗಾಣು ಅಂತ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಬಂದದ್ದು ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ. ರಿಪೋರ್ಟಿನಲ್ಲಿ ಔಷಧಿಗಳ ಮುಂದೆ ಸಾಲಾಗಿ 'ಆರ್', ಅಂದರೆ ಆ ಔಷಧಿಗೆ ಬಗ್ಗಲ್ಲ. ಕೊನೆಗೆ ಕೊಲಿಸ್ಟಿನ್‌ಗೆ ಬಗ್ಗಿತು. ಅದು ಕಿಡ್ನಿಗೆ ಪೆಟ್ಟು ಕೊಡುವ ಔಷಧಿ, ಕಿಡ್ನಿ ಸೋಲುತ್ತಿದೆಯಾ ಅಂತ ತೋರಿಸುವ ಅಪ್ಪನ ಕ್ರಿಯಾಟಿನಿನ್ ಏರಿತು.

ಹಾಗಾಗಿ ಮೊದಲೇ ಸ್ಟ್ರಾಂಗ್ ಆಂಟಿಬಯೋಟಿಕ್ ಅನ್ನೋದನ್ನು ಬಿಟ್ಟುಬಿಡಿ. ಕೊಯ್ಯುವುದಕ್ಕೆ ಸ್ವಲ್ಪ ಮುಂಚೆ ಒಂದು ಡೋಸ್ ಡಾಕ್ಟರೇ ಕೊಡುತ್ತಾರೆ. ಅದರಾಚೆ ಸುಮ್ನೆ ನುಂಗಿಸಿದರೆ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಔಷಧಿಗೆ ಬಗ್ಗದವು ಬೆಳೆಯುತ್ತವೆ. ಭೇದಿ ತರುವ ಸಿ. ಡಿಫಿಸಿಲ್‌ಗೂ ದಾರಿಯಾಗುತ್ತದೆ. ಅದರ ಬೀಜಕಣಗಳು ಸ್ಯಾನಿಟೈಜರ್‌ಗೆ ಸಾಯಲ್ಲ, ಸೋಪು ಹಾಕಿಯೇ ತೊಳೆಯಬೇಕು.

ಸ್ಪೆಷಲ್ ರೂಮಿನಲ್ಲಿ ಅಕ್ಕಪಕ್ಕದ ರೋಗಿ ಇರಲ್ಲ, ಅಷ್ಟು ಲಾಭ. ಆದರೆ ಒಳಗೆ ಬರುವ ಕೈಗಳು ಅವೇ ಅಲ್ವಾ? ಅಸಿನೆಟೋಬ್ಯಾಕ್ಟರ್ ಅನ್ನೋ ಆಸ್ಪತ್ರೆ ಬ್ಯಾಕ್ಟೀರಿಯಾ ಒಣಗಿದ ಮಂಚದ ಕಂಬಿ ಮೇಲೂ ವಾರಗಟ್ಟಲೆ ಬದುಕುತ್ತದೆ. ಎಳನೀರು ಹಿಡಿದು ಬರುವ ನೆಂಟರನ್ನು ಬಾಗಿಲಲ್ಲೇ ಕೈ ತೊಳೆಸಿ, ಹಾಸಿಗೆ ಮೇಲೆ ಕೂರಿಸಬೇಡಿ. ಗ್ಲೌಸ್ ಹಾಕಿಕೊಂಡೇ ಪಕ್ಕದ ರೂಮಿನಿಂದ ಬಂದವರಿಗೆ, "ಸಿಸ್ಟರ್, ಗ್ಲೌಸ್ ಬದಲಿಸಿ ಬಿಡಿ" ಅನ್ನಿ. ಮುಖ ಗಂಟಿಕ್ಕಿದರೆ ಗಂಟಿಕ್ಕಲಿ.

ರೌಂಡ್ಸಿಗೆ ಬಂದಾಗ ದಿನಾ ಕೇಳಿ: "ಡಾಕ್ಟ್ರೇ, ಈ ಪೈಪು ಇವತ್ತೂ ಬೇಕಾ?" ಕೈಗೆ ಚುಚ್ಚಿದ ಡ್ರಿಪ್ ಸೂಜಿಗೂ ಇದೇ ಪ್ರಶ್ನೆ. ಅಲ್ಲಿ ಕೆಂಪಾದರೆ, ನೋವಾದರೆ ತಕ್ಷಣ ಹೇಳಿ.

ಅಮ್ಮನಿಗೆ ಶುಗರ್ ಇದ್ದರೆ ಈಗಲೇ ಹತೋಟಿಗೆ ತನ್ನಿ. ಆಪರೇಷನ್ ಜಾಗದ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಕಣ್ಣಿಗೆ ಕಾಣದ ಗೀರುಗಳಾಗುತ್ತವೆ. ಬೇಕಿದ್ದರೆ ಆಸ್ಪತ್ರೆಯವರೇ ಕ್ಲಿಪ್ಪರ್‌ನಲ್ಲಿ ತೆಗೆಯುತ್ತಾರೆ.