ಬೈಕ್ ಹೆಲ್ಮೆಟ್ ಬದಲಿಸುವ ಕಾಲ ಬಂದಿದೆಯೆಂದು ತಿಳಿಯುವುದು ಹೇಗೆ?

ಹೊರಗಿನ ಚಿಪ್ಪಿನಲ್ಲಿ ಬಿರುಕು ಕಾಣದಿದ್ದರೆ ಹೆಲ್ಮೆಟ್ ಗಟ್ಟಿಯಾಗಿಯೇ ಇದೆ ಎಂದು ನಂಬುವವರೇ ಹೆಚ್ಚು. ಆದರೆ ಹೊಡೆತದ ಬಲವನ್ನು ಹೀರಿಕೊಳ್ಳುವುದು ಮುಖ್ಯವಾಗಿ ಒಳಗಿನ ಥರ್ಮಾಕೋಲ್ ಪದರ. ಪೆಟ್ಟು ಬಿದ್ದಾಗ ಅದು ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ, ಮತ್ತು ಒಮ್ಮೆ ಜಜ್ಜಿದ ಜಾಗ ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ. ಆದ್ದರಿಂದ ಅಪಘಾತದಲ್ಲಿ ತಲೆಯ ಮೇಲಿದ್ದು ನೆಲಕ್ಕೆ ಬಡಿದ ಹೆಲ್ಮೆಟ್ಟನ್ನು, ನೋಡಲು ಹೊಸದರಂತಿದ್ದರೂ, ಬದಲಿಸಲೇಬೇಕು. ಖಾಲಿ ಹೆಲ್ಮೆಟ್ ಸೀಟಿನಿಂದ ಒಮ್ಮೆ ಜಾರಿ ಬಿದ್ದರೆ ಅಷ್ಟು ಗಾಬರಿ ಬೇಡ.

ಪೆಟ್ಟೇ ಬೀಳದಿದ್ದರೂ ಬೆವರು, ತಲೆಯ ಎಣ್ಣೆ ಮತ್ತು ಬಿಸಿಲಿನಿಂದ ಹೆಲ್ಮೆಟ್ಟಿನ ಒಳಭಾಗ ಸವೆಯುವುದರಿಂದ, ದಿನವೂ ಬಳಸುವ ಹೆಲ್ಮೆಟ್ಟಿಗೆ ಸುಮಾರು 5 ವರ್ಷವೆಂಬುದು ಸಾಮಾನ್ಯ ಲೆಕ್ಕ. ಪೆಟ್ರೋಲ್ ಅಥವಾ ಥಿನ್ನರ್ ತಗುಲಿದರೆ ಥರ್ಮಾಕೋಲ್ ಕರಗುತ್ತದೆ. ಅಂಥ ಹೆಲ್ಮೆಟ್ಟನ್ನು ವರ್ಷದ ಲೆಕ್ಕ ನೋಡದೆ ಕೂಡಲೇ ಬದಲಿಸಿ.

ಪಟ್ಟಿ ಬಿಗಿದು, ಎರಡೂ ಕೈಗಳಿಂದ ಹೆಲ್ಮೆಟ್ಟನ್ನು ಹಿಡಿದು ಎಡಬಲಕ್ಕೆ ತಿರುಗಿಸಿ ನೋಡಿ: ಕೆನ್ನೆಯ ಚರ್ಮವೂ ಜೊತೆಗೆ ಎಳೆದಂತಾದರೆ ಸರಿ, ಹೆಲ್ಮೆಟ್ ಮಾತ್ರ ಸಲೀಸಾಗಿ ತಿರುಗಿದರೆ ಒಳಮೆತ್ತೆ ಸೋತಿದೆ. ಮೆತ್ತೆಯನ್ನಷ್ಟೇ ಬದಲಿಸಲು ಬಂದರೆ ಸಂತೋಷ. ಬಕಲ್ ತಾನಾಗಿ ಬಿಚ್ಚಿಕೊಳ್ಳುತ್ತಿದ್ದರೆ, ಪಟ್ಟಿಯ ಅಂಚು ಎಳೆಬಿಟ್ಟಿದ್ದರೆ ತಡಮಾಡಬೇಡಿ. ಹೊಸದನ್ನು ಕೊಳ್ಳುವಾಗ ಐಎಸ್ 4151 ಎಂಬ ಸಂಖ್ಯೆಯೊಂದಿಗೆ (ಇದು ದ್ವಿಚಕ್ರ ಸವಾರರ ಹೆಲ್ಮೆಟ್ಟಿನ ಭಾರತೀಯ ಮಾನದಂಡ) ಐಎಸ್‌ಐ ಗುರುತನ್ನೂ ತಯಾರಿಕೆಯ ತಿಂಗಳನ್ನೂ ನೋಡಿಕೊಳ್ಳಿ. 2021ರ ಜೂನ್ 1ರಿಂದ ಭಾರತದಲ್ಲಿ ಆ ಗುರುತು ಕಡ್ಡಾಯವಾಗಿದೆ.