ಹೆಸರು ತೆಗೆದರೆ ಸಾಕಾ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ ಮುಂದಿನ ವಾರ ಪಿತ್ತಕೋಶದ ಆಪರೇಷನ್. ಸಹಿಗೆ ಕೊಟ್ಟ ಕಾಗದಗಳಲ್ಲಿ ಒಂದು ಹಾಳೆ ವಿಚಿತ್ರವಾಗಿದೆ. ಆಪರೇಷನ್ ವೇಳೆ ಮಾನಿಟರ್‌ನಲ್ಲಿ ಬರುವ ಮಾಹಿತಿಯನ್ನು ಹೆಸರು ತೆಗೆದು ಸಂಶೋಧನೆಗೆ ಹಂಚಿಕೊಳ್ಳಲು ಒಪ್ಪಿಗೆಯಂತೆ. ಕೊಡಬಹುದಾ? ಬೇಡ ಅಂದರೆ ಆಪರೇಷನ್‌ಗೆ ತೊಂದರೆ ಆಗುತ್ತಾ?
– ಓದುಗರೊಬ್ಬರು, ಹಾಸನ

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ತೊಂದರೆ ಆಗಬಾರದು. ಆಪರೇಷನ್‌ಗೆ ಕೊಡುವ ಒಪ್ಪಿಗೆ ಬೇರೆ, ಸಂಶೋಧನೆಗೆ ಕೊಡುವುದು ಬೇರೆ. ಬೇಡ ಅಂದವರ ಚಿಕಿತ್ಸೆ ಕೆಡಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್)ಯ 2017ರ ಮಾರ್ಗಸೂಚಿಯೂ ಹೇಳುತ್ತದೆ.

ಆದರೆ ನನ್ನನ್ನು ಕೇಳಿದರೆ, ಸ್ವಲ್ಪ ವಿಚಾರಿಸಿ, ಕೊಡಿ.

ಅರಿವಳಿಕೆ ಕೊಟ್ಟು ನಾವು ಪಕ್ಕದಲ್ಲಿ ಕೂತಿರುವಷ್ಟು ಹೊತ್ತೂ ಪರದೆಯ ಮೇಲೆ ಇಸಿಜಿ, ಬಿಪಿ, ಆಮ್ಲಜನಕ, ಉಸಿರಿನ ಗೆರೆಗಳು ಓಡುತ್ತಲೇ ಇರುತ್ತವೆ. ಕೈಯಲ್ಲಿ ಬರೆಯುವ ಚಾರ್ಟ್‌ಗೆ ಹತ್ತುವುದು ಐದು ನಿಮಿಷಕ್ಕೊಂದು ಬಿಪಿ, ನಾಡಿ, ಅಷ್ಟೇ. ಉಳಿದದ್ದು ಸುಮ್ನೆ ಹೋಯ್ತು. ದಕ್ಷಿಣ ಕೊರಿಯಾದ ಸೋಲ್ ನ್ಯಾಷನಲ್ ಯೂನಿವರ್ಸಿಟಿ ಆಸ್ಪತ್ರೆಯವರು ಹಾಗೆ ಬಿಡಲಿಲ್ಲ. 2016–17ರಲ್ಲಿ 6,388 ರೋಗಿಗಳ ಗೆರೆಗಳನ್ನು, ಅದೂ ಇಸಿಜಿಯನ್ನು ಸೆಕೆಂಡಿಗೆ 500 ಸಲದಂತೆ, ಹಿಡಿದಿಟ್ಟು ‘ವೈಟಲ್‌ಡಿಬಿ’ ಎಂಬ ಹೆಸರಲ್ಲಿ ಎಲ್ಲರಿಗೂ ತೆರೆದಿಟ್ಟರು. ಬಿಪಿ ಕುಸಿಯುವ ಮುಂಚೆಯೇ ಗೆರೆ ಸುಳಿವು ಕೊಡುತ್ತದಾ ಎಂದು ಹುಡುಕುವ ಹಲವರು ಇವತ್ತು ಹೋಗುವುದು ಅಲ್ಲಿಗೇ. ಆದರೆ ಅದು ಒಂದೇ ಆಸ್ಪತ್ರೆಯ ದಾಖಲೆ. ನಮ್ಮ ಜನರಿಗೂ ಅದೇ ಲೆಕ್ಕ ಹೊಂದುತ್ತದಾ ಅಂತ ನೋಡಲು ನಮ್ಮವರ ಗೆರೆಗಳೂ ಬೇಕಲ್ವಾ?

ಹೆಸರು ತೆಗೆದರೂ ಗುರುತು ಸಿಕ್ಕಿಬಿಟ್ಟರೆ ಎಂಬ ಭಯ ಇದ್ದರೆ, ಅದು ಸುಳ್ಳೇನಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿದ್ದರು. ಲಟಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ಅದರ ಪಕ್ಕ ಮತದಾರರ ಪಟ್ಟಿ ಇಟ್ಟು, ಹುಟ್ಟಿದ ದಿನ, ಪಿನ್‌ಕೋಡ್, ಗಂಡೋ ಹೆಣ್ಣೋ, ಇಷ್ಟರಲ್ಲೇ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆ ಪತ್ತೆ ಮಾಡಿಬಿಟ್ಟರು. ನಮ್ಮ ಹಳ್ಳಿಗಳಲ್ಲಿ ಅಷ್ಟೂ ಬೇಡ. 92 ದಾಟಿದ ಅಜ್ಜಿ ಕಳೆದ ಸೋಮವಾರ ಆಪರೇಷನ್ ಮಾಡಿಸಿಕೊಂಡರು ಅಂದರೆ ಯಾರು ಅಂತ ಊರಿಗೆಲ್ಲ ಗೊತ್ತು!

ಅದಕ್ಕೇ ಬಾಸ್ಟನ್‌ನ ಐಸಿಯು ದಾಖಲೆ ‘ಮಿಮಿಕ್’ನಲ್ಲಿ ತಾರೀಖುಗಳನ್ನೆಲ್ಲ ಮುಂದಿನ ಶತಮಾನಕ್ಕೆ ತಳ್ಳಿದ್ದಾರೆ. ಒಬ್ಬ ರೋಗಿಯ ಎರಡು ತಪಾಸಣೆಗಳ ನಡುವಿನ ಅಂತರ ಮಾತ್ರ ಹಾಗೇ ಉಳಿಯುತ್ತದೆ, ಸಂಶೋಧನೆಗೆ ಅಷ್ಟು ಸಾಕು. 89 ದಾಟಿದವರ ನಿಜವಾದ ವಯಸ್ಸನ್ನೂ ಬಿಟ್ಟುಕೊಡುವುದಿಲ್ಲ.

ನೀವೂ ಕೇಳಿ: ತಾರೀಖು, ಊರು ತೆಗೆಯುತ್ತೀರಾ? ಸಂಶೋಧನೆ ಸರಿಯಿದೆಯಾ ಎಂದು ನೋಡುವ ನೈತಿಕ ಸಮಿತಿ ಒಪ್ಪಿದೆಯಾ? ಯಾರ ಕೈಗೆ ಹೋಗುತ್ತದೆ? ಮನಸ್ಸು ಬದಲಾದರೆ ಯಾವಾಗಿನ ಒಳಗೆ ಹೇಳಬೇಕು ಅನ್ನುವುದನ್ನೂ ಬರೆಸಿಕೊಳ್ಳಿ. ಗುರುತು ಪೂರ್ತಿ ಅಳಿಸಿದ ಮೇಲೆ ಅಮ್ಮನ ಗೆರೆ ಯಾವುದು ಅಂತ ಅವರಿಗೂ ಗೊತ್ತಾಗುವುದಿಲ್ಲ, ವಾಪಸ್ ತೆಗೆಯೋದು ಹೇಗೆ?

ಅಂದಹಾಗೆ, ಆ ಹಾಳೆಗೆ ಸಹಿ ಹಾಕಬೇಕಾದವರು ನೀವಲ್ಲ, ಅಮ್ಮ. ಅವರನ್ನು ಕೇಳಿದ್ರಾ?